ಬೃಹದ್ಗ್ರಂಥದಿಂದ ಬಿಡಿ ಹಾಡಿಗೆ

ಹಾಡು ಕಂಠದಲ್ಲಿ ಹುಟ್ಟುತ್ತದೆ; ತಲೆಮಾರುಗಳನ್ನು ದಾಟಬೇಕಾದರೆ ಅದಕ್ಕೆ ಲಿಪಿಯ ಆಸರೆ ಬೇಕು. ದೇವಾಲಯದ ಕಲ್ಲುಗಾರೆಗೆ ಚರಿತ್ರೆ ಇರುವಂತೆ, ಅದರೊಳಗೆ ಹಾಡುವ ಗೀತೆಗಳ ಬರವಣಿಗೆಗೂ ಒಂದು ಚರಿತ್ರೆ ಉಂಟೆಂಬುದನ್ನು ಈ ಸ್ಮರಣ ಸಂಚಿಕೆಯ ವಾಚಕರ ಗಮನಕ್ಕೆ ತರಬಯಸುತ್ತೇವೆ. ಇಂದಿನ ಯುವಕರು ಗಣಕಯಂತ್ರದಲ್ಲಿ ಸ್ವರಲಿಪಿಯನ್ನು ಬರೆದು, ನೂರು ಹಾಡುಗಳ ಸಂಗ್ರಹದಿಂದ ಬೇಕಾದ ಒಂದನ್ನು ಪ್ರತ್ಯೇಕ ಕಡತವಾಗಿ ಹೊರತೆಗೆಯುತ್ತಾರೆ. ಇದು ನಿನ್ನೆ ಮೊನ್ನೆಯ ಕೌಶಲವೆಂದು ತೋರಬಹುದು. ಆದರೆ ದೊಡ್ಡ ಸಂಗ್ರಹವನ್ನು ಬಿಡಿಯಾಗಿಸುವುದು ಹೇಗೆ, ಬೇರ್ಪಟ್ಟ ಭಾಗ ತನ್ನೊಡನೆ ಏನನ್ನು ಒಯ್ಯಬೇಕು ಎಂಬ ಪ್ರಶ್ನೆ ಐನೂರು ವರ್ಷಗಳಷ್ಟು ಹಳೆಯದು.

ಮೊದಲು ಲಿಪಿಯ ವಿಚಾರ. ಹನ್ನೊಂದನೆಯ ಶತಮಾನದ ಪೂರ್ವಾರ್ಧದಲ್ಲಿ ಇಟಲಿಯ ಅರೆಝೋ ನಗರದ ಗ್ವೀಡೋ ಎಂಬ ಸಂನ್ಯಾಸಿ, ಗೆರೆಗಳ ಮೇಲೆ ಸ್ವರಗಳನ್ನು ಗುರುತಿಸುವ ಪದ್ಧತಿಯನ್ನು ನೆಲೆಗೊಳಿಸಿದರು. ಅದಕ್ಕೆ ಮುಂಚೆ ಪದಗಳ ಮೇಲೆ ಬರೆಯುತ್ತಿದ್ದ ಚಿಹ್ನೆಗಳು ಬಲ್ಲವನಿಗೆ ರಾಗವನ್ನು ನೆನಪಿಸುತ್ತಿದ್ದುವೇ ಹೊರತು ಅರಿಯದವನಿಗೆ ಕಲಿಸುತ್ತಿರಲಿಲ್ಲ. ಜಗದ್ಗುರು 19ನೆಯ ಯೊವಾನ್ನರು ಈ ಪದ್ಧತಿಯನ್ನು ಸ್ವತಃ ಪರೀಕ್ಷಿಸಿ, ತಾವು ಎಂದೂ ಕೇಳಿರದ ಒಂದು ಚರಣವನ್ನು ನೋಡಿ ಹಾಡಿದರೆಂದು ಗ್ವೀಡೋ ತಮ್ಮ ಪತ್ರವೊಂದರಲ್ಲಿ ಬರೆದಿದ್ದಾರೆ.

ಮುಂದೆ ಮಠಗಳಲ್ಲಿಯೂ ಮಹಾದೇವಾಲಯಗಳಲ್ಲಿಯೂ ಬೃಹತ್ ಗಾನಗ್ರಂಥಗಳು ಸಿದ್ಧವಾದವು. ಇಡೀ ಗಾನವೃಂದ ಒಂದೇ ಪುಸ್ತಕದ ಮುಂದೆ ನಿಂತು ಹಾಡಲು ಅನುವಾಗುವಂತೆ ಅಕ್ಷರಗಳನ್ನು ದೊಡ್ಡದಾಗಿ ಬರೆಯುತ್ತಿದ್ದರು. 1501ರಲ್ಲಿ ವೆನಿಸ್ ನಗರದ ಒಟ್ಟಾವಿಯಾನೊ ಪೆಟ್ರೂಚ್ಚಿ, ಬಹುಧ್ವನಿ ಗೀತೆಗಳ ಸಂಗ್ರಹವೊಂದನ್ನು ಅಚ್ಚುಮೊಳೆಗಳಿಂದ ಮುದ್ರಿಸಿದರು. ಮರುವರ್ಷ ಜೋಸ್ಕಾನ್ ಎಂಬ ಸಂಗೀತಕಾರರ ಬಲಿಪೂಜಾ ಗೀತೆಗಳನ್ನು ಮುದ್ರಿಸುವಾಗ ಪ್ರತಿಯೊಂದು ಧ್ವನಿಗೂ ಬೇರೆ ಬೇರೆ ಪುಸ್ತಕ ಮಾಡಿದರು. ಗಾಯಕನ ಕೈಗೆ ಅವನ ಪಾಲು ಮಾತ್ರ ಬಂದಿತು.

ಈ ಅನುಕೂಲದೊಡನೆ ಒಂದು ಅಪಾಯವೂ ಬಂದಿತು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿರುವ ಪೀಟರ್‌ಹೌಸ್ ಕಾಲೇಜಿನಲ್ಲಿ ಸುಮಾರು 1540ರ ಕಾಲದ ಐದು ಧ್ವನಿಪುಸ್ತಕಗಳ ಒಂದು ಕಟ್ಟಿತ್ತು. ಅದರಲ್ಲಿ ಟೆನರ್ ಧ್ವನಿಯ ಪುಸ್ತಕ ಕಳೆದುಹೋಗಿದೆ. ಮೇಲುಧ್ವನಿಯ ಪುಸ್ತಕದ ಕೆಲವು ಹಾಳೆಗಳೂ ಇಲ್ಲ. ಬೇರೆಲ್ಲಿಯೂ ಪ್ರತಿ ಉಳಿಯದ ಅನೇಕ ಕೃತಿಗಳು ಹೀಗೆ ಊನವಾದವು. ನಮ್ಮ ಕಾಲದಲ್ಲಿ ನಿಕ್ ಸ್ಯಾಂಡನ್ ಎಂಬ ವಿದ್ವಾಂಸರು, ಉಳಿದ ಧ್ವನಿಗಳನ್ನು ಆಧಾರವಾಗಿಟ್ಟುಕೊಂಡು ಆ ಕೊರತೆಯನ್ನು ತುಂಬಬೇಕಾಯಿತು. ಬೃಹದ್ಗ್ರಂಥಗಳ ಗತಿಯೂ ಇದಕ್ಕಿಂತ ಮೇಲಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ವ್ಯಾಪಾರಿಗಳು ಚಿತ್ರಗಳ ಆಸೆಗಾಗಿ ಅಂಥ ಎಷ್ಟೋ ಪುಸ್ತಕಗಳನ್ನು ಬಿಚ್ಚಿ ಹಾಳೆ ಹಾಳೆಯಾಗಿ ಮಾರಿದರು. ಹಾಡಿನ ಆರಂಭ ಒಂದು ದೇಶದಲ್ಲಿ, ಅಂತ್ಯ ಮತ್ತೊಂದು ದೇಶದಲ್ಲಿ! ಇದು ಬಿಡಿಸುವುದಲ್ಲ, ಹರಿಯುವುದು.

ಹಾಡನ್ನು ಪೂರ್ಣವಾಗಿಯೇ ಬಿಡಿಯಾಗಿ ಕೊಡುವ ಮಾರ್ಗಕ್ಕೆ ಲಂಡನ್ನಿನ ನೊವೆಲ್ಲೊ ಪ್ರಕಾಶನ ಸಂಸ್ಥೆ ಒಳ್ಳೆಯ ನಿದರ್ಶನ. 1844ರಲ್ಲಿ ಆರಂಭವಾದ ಅದರ 'ಮ್ಯೂಸಿಕಲ್ ಟೈಮ್ಸ್' ಪತ್ರಿಕೆಯೊಡನೆ ವೃಂದಗಾನದ ಒಂದು ಕೃತಿಯನ್ನು ಚಿಕ್ಕ ಆಕಾರದಲ್ಲಿ, ಎಲ್ಲ ಧ್ವನಿಗಳ ಸಮೇತ ಅಚ್ಚುಹಾಕಿ ಕೊಡುತ್ತಿದ್ದರು. ದೊಡ್ಡ ಸಂಪುಟ ಕೊಳ್ಳಲಾರದ ಬಡ ಗಾನವೃಂದಕ್ಕೂ ಹಾಡು ಕೈಗೆಟುಕಿತು.

ಇದೇ ಕಥೆ ಗಣಕಯಂತ್ರದಲ್ಲಿ ಮರುಕಳಿಸಿದೆ. 1988ರಲ್ಲಿ ಅಮೆರಿಕದ ಫಿನಾಲೆ, 1993ರಲ್ಲಿ ಇಂಗ್ಲೆಂಡಿನ ಸಿಬೇಲಿಯಸ್, 1996ರಲ್ಲಿ ನೆದರ್ಲೆಂಡ್ಸಿನ ಲಿಲಿಪಾಂಡ್ ಎಂಬ ಸ್ವರಲಿಪಿ ತಂತ್ರಾಂಶಗಳು ಬಂದವು. 2002ರಲ್ಲಿ ಜರ್ಮನಿಯ ವರ್ನರ್ ಶ್ವೇಯರ್ ಆರಂಭಿಸಿದ ಮ್ಯೂಸ್‌ಸ್ಕೋರ್ ಎಲ್ಲರಿಗೂ ಉಚಿತ. ಇವುಗಳಲ್ಲಿ ಗೀತಸಂಗ್ರಹವೊಂದನ್ನು ಒಂದೇ ಕಡತವಾಗಿ ಬರೆಯುವುದುಂಟು. ಪುಟಗಳ ಅಂದಕ್ಕೆ ಅದು ಸುಲಭ. ಬಿಡಿಸುವ ಕ್ರಮ ಮಾತ್ರ ಒಂದೊಂದರಲ್ಲಿ ಒಂದೊಂದು ಬಗೆ. ಮ್ಯೂಸ್‌ಸ್ಕೋರ್‌ನಲ್ಲಿ ಹಾಡಿನ ಮೊದಲ ಆವರ್ತದಿಂದ ಕೊನೆಯದರವರೆಗೆ ಆರಿಸಿ, ಆರಿಸಿದಷ್ಟನ್ನೇ ಹೊಸ ಕಡತವಾಗಿ ಉಳಿಸಬಹುದು. ಲಿಲಿಪಾಂಡ್‌ನಲ್ಲಿ ಪ್ರತಿ ಹಾಡನ್ನೂ ಒಂದೊಂದು 'ಬುಕ್' ವಿಭಾಗದೊಳಗೆ ಬರೆದರೆ ಅಷ್ಟು ಕಡತಗಳು ತಾವಾಗಿ ಹೊರಬರುತ್ತವೆ. 2016ರಲ್ಲಿ ಬಂದ ಡೊರಿಕೊದಲ್ಲಿ ಪ್ರತಿ ಹಾಡೂ ಆರಂಭದಿಂದಲೇ ಸ್ವತಂತ್ರ ಘಟಕ. ಅವನ್ನು ಬೇರೆ ಬೇರೆ ಕಡತಗಳಾಗಿ ಒಮ್ಮೆಗೇ ಹೊರತೆಗೆಯಬಹುದು.

ಹೊರತೆಗೆಯುವ ರೂಪವನ್ನೂ ವಿಚಾರಿಸಬೇಕು. ಪಿ.ಡಿ.ಎಫ್. ಮುದ್ರಿತ ಪುಟದಂತೆ: ಓದಬಹುದು, ಸುಲಭವಾಗಿ ತಿದ್ದಲಾಗದು. 1983ರಲ್ಲಿ ರೂಢಿಗೆ ಬಂದ ಮಿಡಿ ಕ್ರಮಕ್ಕೆ ಯಾವ ಸ್ವರವನ್ನು ಎಷ್ಟು ಹೊತ್ತು ನುಡಿಸಬೇಕೆಂಬುದು ಗೊತ್ತು. ಡಿ ಶಾರ್ಪ್‌ಗೂ ಇ ಫ್ಲ್ಯಾಟ್‌ಗೂ ಅದು ಭೇದವೆಣಿಸದು. ಬರವಣಿಗೆಯನ್ನು ಪದಗಳ ಸಹಿತ ಒಂದು ತಂತ್ರಾಂಶದಿಂದ ಮತ್ತೊಂದಕ್ಕೆ ಒಯ್ಯಲು ಮೈಕೆಲ್ ಗುಡ್ ಎಂಬವರು ರೂಪಿಸಿದ ಮ್ಯೂಸಿಕ್ ಎಕ್ಸ್‌ಎಂಎಲ್ ಕ್ರಮದ ಮೊದಲ ಆವೃತ್ತಿ 2004ರಲ್ಲಿ ಪ್ರಕಟವಾಯಿತು. ಅದರಲ್ಲಿ ಕೃತಿಯ ಹೆಸರಿಗೂ ಕರ್ತೃವಿನ ಹೆಸರಿಗೂ ಕಡತದ ತಲೆಯಲ್ಲಿಯೇ ಸ್ಥಾನವಿದೆ. ಆದರೆ ನೂರು ಹಾಡುಗಳು ಒಂದೇ ಕಡತದಲ್ಲಿದ್ದರೆ ತಲೆ ಒಂದೇ ಅಲ್ಲವೇ? ಆಗ ಒಂದೊಂದರ ಕರ್ತೃ ಯಾರೆಂಬುದು ಪುಟದ ಮೇಲಿನ ಬರಹವಾಗಿ ಉಳಿಯುತ್ತದೆ, ಕತ್ತರಿಸುವಾಗ ಉದುರಿಹೋಗಲೂಬಹುದು. ಹಿಂದಿನ ಹಾಡಿನ ವೇಗಸೂಚನೆಯನ್ನೇ ನೆಚ್ಚಿಕೊಂಡಿದ್ದ ಹಾಡು, ಬೇರ್ಪಟ್ಟೊಡನೆ ತನ್ನ ನಡಿಗೆಯನ್ನು ಮರೆಯುತ್ತದೆ. ಆದುದರಿಂದ ಹೆಸರು, ಕರ್ತೃ, ಶ್ರುತಿ, ವೇಗ, ಎಲ್ಲ ಚರಣಗಳು ಇಷ್ಟನ್ನೂ ಹಾಡಿನ ಕೈಗಿತ್ತು ಕಳುಹಿಸುವುದೇ ಸರಿಯಾದ ಬಿಡಿಸುವಿಕೆ.

ಇದು ಕೇವಲ ಅಂದಚೆಂದದ ಮಾತಲ್ಲ. 2024ರ ಆಗಸ್ಟ್ ತಿಂಗಳಲ್ಲಿ ಫಿನಾಲೆಯ ಒಡೆಯರು, 35 ವರ್ಷ ನಡೆಸಿದ ಆ ತಂತ್ರಾಂಶದ ಅಭಿವೃದ್ಧಿಯನ್ನು ನಿಲ್ಲಿಸಿರುವುದಾಗಿ ಸಾರಿದರು. ಅದನ್ನೇ ನಂಬಿದ್ದ ಗಾನವೃಂದಗಳ ಮುಂದೆ ಪೀಟರ್‌ಹೌಸ್‌ನ ಭಯವೇ ಹೊಸ ವೇಷದಲ್ಲಿ ನಿಂತಿತು. ಕಡತ ಕೈಯಲ್ಲಿರುತ್ತದೆ, ತೆರೆಯುವ ಕೀಲಿ ಇರುವುದಿಲ್ಲ. ತಮ್ಮ ಹಾಡುಗಳನ್ನು ಮ್ಯೂಸಿಕ್ ಎಕ್ಸ್‌ಎಂಎಲ್ ರೂಪಕ್ಕೆ ಹೊರತೆಗೆದಿಟ್ಟವರಿಗೆ ಮಾತ್ರ ಅವು ಬೇರೆ ತಂತ್ರಾಂಶಗಳಲ್ಲಿಯೂ ತೆರೆದುಕೊಳ್ಳುವ ಭರವಸೆ ಉಳಿಯಿತು.

ನಮ್ಮ ನಾಡಿಗೂ ಇದು ಹೊರಗಿನ ಮಾತಲ್ಲ. 1963ರ ಡಿಸೆಂಬರ್ 4ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಪೂಜಾವಿಧಿಯ ಸಂವಿಧಾನವನ್ನು ಅಂಗೀಕರಿಸಿ ಜನಭಾಷೆಗಳಿಗೆ ದಾರಿ ತೆರೆದ ತರುವಾಯ ಕನ್ನಡದಲ್ಲಿ ಗೀತೆಗಳು ಹೇರಳವಾಗಿ ಹುಟ್ಟಿದವು. ನಮ್ಮ ಗೀತೆಗಳ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಕಾಣುವುದು ಸಾಹಿತ್ಯ ಮಾತ್ರ. ರಾಗವಿರುವುದು ಹಿರಿಯರ ಕಂಠದಲ್ಲಿ. ಆ ಕಂಠ ಮೌನವಾದರೆ ಪದ ಉಳಿದು ಹಾಡು ಹೋಗುತ್ತದೆ. ಅಂದರೆ ಗ್ವೀಡೋ ಅವರ ಕಾಲಕ್ಕಿಂತ ಹಿಂದಿನ ಸ್ಥಿತಿಯಲ್ಲಿಯೇ ನಾವು ಇದ್ದಂತಾಗುತ್ತದೆ.

ಆದಕಾರಣ ಗಾನವೃಂದದ ಯುವಜನರು, ಹಿರಿಯರು ನಮ್ಮೊಡನಿರುವಾಗಲೇ ಅವರಿಂದ ಹಾಡಿಸಿ, ಸ್ವರಲಿಪಿಗೆ ಇಳಿಸಿ, ಹಾಡಿಗೊಂದರಂತೆ ಕಡತ ಮಾಡಿಡಲಿ. ಓದುವುದಕ್ಕೆ ಪಿ.ಡಿ.ಎಫ್., ಅಭ್ಯಾಸಕ್ಕೆ ಮಿಡಿ, ಮುಂದಿನವರಿಗಾಗಿ ಮ್ಯೂಸಿಕ್ ಎಕ್ಸ್‌ಎಂಎಲ್, ಹೀಗೆ ಮೂರು ರೂಪಗಳಿರಲಿ. ಪ್ರತಿಯೊಂದರ ತಲೆಯಲ್ಲಿ ಪದ ಬರೆದವರ ಮತ್ತು ರಾಗ ಕೂಡಿಸಿದವರ ಹೆಸರುಗಳನ್ನು ತಪ್ಪದೆ ಬರೆಯಲಿ; ಪ್ರತಿಗಳನ್ನು ಒಂದಕ್ಕಿಂತ ಹೆಚ್ಚು ಕಡೆ ಇರಿಸಲಿ. ಒಂದು ಸಂಜೆಗೆ ಒಂದು ಹಾಡಾದರೂ ಸಾಕು. ವರ್ಷ ತುಂಬುವಷ್ಟರಲ್ಲಿ ಒಂದು ಗಾನಗ್ರಂಥವೇ ಸಿದ್ಧವಾದೀತು.