ಸಂಧಿಸ್ಥಾನದಲ್ಲಿ ಸ್ಪರ್ಧೆ: ಭಾರತದ ದೂರಸಂಪರ್ಕ ನಿಯಂತ್ರಣದ ಒಂದು ವಿಮರ್ಶೆ

ನಿಯಂತ್ರಣ ಶಾಸನಗಳ ಯೋಗ್ಯತೆಯನ್ನು ಅವುಗಳ ಕಲಮುಗಳಿಂದಲೇ ಅಳೆಯುವ ರೂಢಿ ನಮ್ಮ ವಿದ್ವಾಂಸರಲ್ಲಿ ಬಲವಾಗಿದೆ. ದೂರಸಂಪರ್ಕದ ವಿಷಯದಲ್ಲಿ ಈ ಅಳತೆ ಸಾಲದು. ಒಂದು ಸಂಸ್ಥೆಯ ಚಂದಾದಾರನು ಇನ್ನೊಂದರ ಚಂದಾದಾರನೊಡನೆ ಮಾತನಾಡಬೇಕಾದರೆ ಎರಡು ಜಾಲಗಳೂ ಒಂದೆಡೆ ಕೂಡಲೇಬೇಕು. ಹೊಸಬನ ಅಳಿವು ಉಳಿವು ಆ ಸಂಧಿಸ್ಥಾನದಲ್ಲಿದೆ. ಅದರ ಬೀಗದ ಕೈ ಮಾತ್ರ ಹಳಬರಲ್ಲಿದೆ. ಆದಕಾರಣ ನಾವು ನಮ್ಮ ದೇಶದ ವ್ಯವಸ್ಥೆಯನ್ನು ಆ ಸ್ಥಾನದಿಂದಲೇ ನೋಡಬಯಸುತ್ತೇವೆ.

1885ರ ತಂತಿ ಶಾಸನವು ಸಂಪರ್ಕ ಸೇವೆಯನ್ನು ಸರ್ಕಾರದ ಏಕಸ್ವಾಮ್ಯಕ್ಕೆ ಒಳಪಡಿಸಿತ್ತು. 1994ರ ನೀತಿಯು ಖಾಸಗಿಯವರಿಗೆ ದಾರಿ ತೆರೆಯಿತು. 1995ರಲ್ಲಿ ಮೊಬೈಲ್ ಸೇವೆ ಮೊದಲಾಯಿತು. ನಿಯಂತ್ರಣ ಪ್ರಾಧಿಕಾರವು ಬಂದುದು 1997ರಲ್ಲಿ. ಆಟ ಮೊದಲಾದ ಮೇಲೆ ತೀರ್ಪುಗಾರನು ಬಂದಂತಾಯಿತು. ಪರವಾನಗಿ ಕೊಡುವ ಸರ್ಕಾರವೇ ಸೇವೆಯನ್ನೂ ನಡೆಸುತ್ತಿದ್ದುದರಿಂದ ಅವನ ಪಾಡು ಸುಲಭವಾಗಿರಲಿಲ್ಲ. 2000ದ ತಿದ್ದುಪಡಿಯು ವ್ಯಾಜ್ಯ ತೀರ್ಮಾನದ ಅಧಿಕಾರವನ್ನು ಪ್ರಾಧಿಕಾರದಿಂದ ತೆಗೆದು ಪ್ರತ್ಯೇಕ ನ್ಯಾಯಾಧಿಕರಣಕ್ಕೆ ಒಪ್ಪಿಸಿತು.

ದರ ನಿರ್ಧಾರದಲ್ಲಿ ಪ್ರಾಧಿಕಾರದ ಸಾಧನೆ ಅಲ್ಪವಾದುದಲ್ಲ. ಕರೆಯನ್ನು ಮುಟ್ಟಿಸಿಕೊಡುವ ಸಂಸ್ಥೆಗೆ ಸಲ್ಲುವ ಶುಲ್ಕವು ನಿಮಿಷಕ್ಕೆ 2009ರಲ್ಲಿ 20 ಪೈಸೆ, 2015ರಲ್ಲಿ 14, 2017ರಲ್ಲಿ 6 ಪೈಸೆಗೆ ಇಳಿದು 2021ರ ಜನವರಿಯಲ್ಲಿ ಶೂನ್ಯವಾಯಿತು. ಹೊರಹೋಗುವ ಕರೆಗಳೇ ಹೆಚ್ಚಾಗಿರುವ ಹೊಸಬನಿಗೆ ಇದು ಅನುಕೂಲವಾಯಿತೆಂದು ಹಳಬರು ದೂರಿದರು, ದೂರು ನಿರಾಧಾರವೆನ್ನಲಾಗದು.

ನಿಜವಾದ ಪರೀಕ್ಷೆ ಎದುರಾದುದು 2016ರಲ್ಲಿ. ಆ ವರ್ಷ ಸೆಪ್ಟೆಂಬರ್ 5ರಂದು ರಿಲಯನ್ಸ್ ಜಿಯೊ ಸೇವೆ ಆರಂಭಿಸಿತು. ಏರ್‌ಟೆಲ್, ವೊಡಾಫೋನ್, ಐಡಿಯಾ ಸಂಸ್ಥೆಗಳು ಸಾಕಷ್ಟು ಸಂಧಿಸ್ಥಾನಗಳನ್ನು ಒದಗಿಸುತ್ತಿಲ್ಲವೆಂಬುದು ಅದರ ಆರೋಪ. ಉಚಿತ ಸೇವೆಯಿಂದ ಕರೆಗಳ ಪ್ರವಾಹವೇ ತಮ್ಮತ್ತ ಹರಿಯುತ್ತಿದೆಯೆಂಬುದು ಅವರ ಉತ್ತರ. ಸಂಧಿಸ್ಥಾನದಲ್ಲಿ ತಡೆಯಾಗುವ ಕರೆಗಳು ಸಾವಿರಕ್ಕೆ ಐದನ್ನು ಮೀರಕೂಡದೆಂಬುದು ನಿಯಮ. ಅದು ಬಹುವಾಗಿ ಮೀರಿತೆಂದು ಪ್ರಾಧಿಕಾರವು ಕಂಡುಕೊಂಡು, ಅಕ್ಟೋಬರ್ 21ರಂದು ಪರವಾನಗಿ ವಲಯವೊಂದಕ್ಕೆ 50 ಕೋಟಿಯಂತೆ ಮೂವರ ಮೇಲೆ ಒಟ್ಟು 3050 ಕೋಟಿ ರೂಪಾಯಿಗಳ ದಂಡವನ್ನು ಶಿಫಾರಸು ಮಾಡಿತು. ಶಿಫಾರಸು ಎಂಬ ಮಾತನ್ನು ಓದುಗರು ಗಮನಿಸಬೇಕು: ಪರವಾನಗಿಯ ಷರತ್ತು ಮುರಿದವರಿಗೆ ತಾನೇ ದಂಡ ವಿಧಿಸುವ ಅಧಿಕಾರ ಪ್ರಾಧಿಕಾರಕ್ಕಿರಲಿಲ್ಲ.

ಇತ್ತ ಸ್ಪರ್ಧಾ ಆಯೋಗವು 2017ರ ಏಪ್ರಿಲಿನಲ್ಲಿ ಇದೇ ವಿಷಯದ ತನಿಖೆಗೆ ಆಜ್ಞೆಯಿತ್ತಿತು. ಮುಂಬಯಿ ಉಚ್ಚ ನ್ಯಾಯಾಲಯವು ಸೆಪ್ಟೆಂಬರಿನಲ್ಲಿ ಅದನ್ನು ರದ್ದುಪಡಿಸಿತು. ತಾಂತ್ರಿಕ ಸಂಗತಿಗಳನ್ನು ಮೊದಲು ಪ್ರಾಧಿಕಾರವು ನಿರ್ಣಯಿಸಬೇಕು, ಅನಂತರವೇ ಆಯೋಗದ ಸರದಿ ಎಂದು 2018ರ ಡಿಸೆಂಬರ್ 5ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ಎತ್ತಿಹಿಡಿಯಿತು. ತರ್ಕ ನಿರ್ದುಷ್ಟವಾದುದು. ಆದರೆ ಮಾರುಕಟ್ಟೆಯು ನ್ಯಾಯಾಲಯದ ಪಂಚಾಂಗವನ್ನು ಅನುಸರಿಸುವುದಿಲ್ಲ. ವೊಡಾಫೋನ್, ಐಡಿಯಾಗಳು ಅದೇ ವರ್ಷದ ಆಗಸ್ಟಿನಲ್ಲಿಯೇ ಒಂದಾಗಿದ್ದುವು. ದೂರಸಂಪರ್ಕ ಇಲಾಖೆಯು ದಂಡದ ಬೇಡಿಕೆಯನ್ನು ಕಳುಹಿಸಿದುದು 2021ರ ಸೆಪ್ಟೆಂಬರಿನಲ್ಲಿ, ಎಂದರೆ ಸುಮಾರು ಐದು ವರ್ಷಗಳ ಮೇಲೆ. ಅಷ್ಟರಲ್ಲಿ ಖಾಸಗಿ ಸಂಸ್ಥೆಗಳು ಮೂರಕ್ಕೆ ಇಳಿದಿದ್ದುವು. ದೂರಿತ್ತ ಹೊಸಬನೇ ಚಂದಾದಾರರ ಸಂಖ್ಯೆಯಲ್ಲಿ ಎಲ್ಲರಿಗಿಂತ ಮುಂದಿದ್ದನು.

ವಿಳಂಬದಿಂದ ಹೊಸಬನಿಗೆ ಕೇಡಾಗಲಿಲ್ಲವಲ್ಲ ಎಂದು ಕೆಲವರು ವಾದಿಸಬಹುದು. ಅಪಾರ ಬಂಡವಾಳದ ಬೆಂಬಲವಿದ್ದುದರಿಂದ ಅವನು ಕಾಯಬಲ್ಲವನಾಗಿದ್ದನು. ಅಂಥ ಬಲವಿಲ್ಲದ ಸಂಸ್ಥೆಯೊಂದು ಅದೇ ಬಾಗಿಲಲ್ಲಿ ಐದು ವರ್ಷ ನಿಂತಿದ್ದರೆ ಏನಾಗುತ್ತಿತ್ತೆಂಬುದೇ ವಿಚಾರಾರ್ಹ. 1885ರ ಶಾಸನದ ಸ್ಥಾನಕ್ಕೆಂದು ರಚಿತವಾದ 2023ರ ದೂರಸಂಪರ್ಕ ಶಾಸನವು ಷರತ್ತು ಉಲ್ಲಂಘನೆಯ ವಿಚಾರಣೆಯನ್ನು ಕೇಂದ್ರ ಸರ್ಕಾರವು ನೇಮಿಸುವ ಅಧಿಕಾರಿಗೆ ವಹಿಸಿದೆಯೇ ಹೊರತು ಪ್ರಾಧಿಕಾರಕ್ಕಲ್ಲ.