ಹಳೆಯ ಪಿಕಪ್ ಟ್ರಕ್‌ಗಳ ಡ್ಯಾಶ್‌ಬೋರ್ಡ್ ಮೀಟರ್: ದೋಷಪತ್ತೆ

ಪೆಟ್ರೋಲ್ ಮಟ್ಟ, ಎಂಜಿನ್ ಬಿಸಿ, ಆಯಿಲ್ ಒತ್ತಡ ಮತ್ತು ಬ್ಯಾಟರಿಯ ಚಾರ್ಜ್ ತೋರಿಸುವ ಮೀಟರ್‌ಗಳು ತಪ್ಪು ತೋರಿಸುವುದು, ಇಲ್ಲವೇ ಮುಳ್ಳು ಅಲುಗದೆ ನಿಲ್ಲುವುದು ಹಳೆಯ ಪಿಕಪ್‌ಗಳಲ್ಲಿ ಪದೇ ಪದೇ ಕಾಣುವ ದೋಷ. ಅಮೆರಿಕದ ಫೋರ್ಡ್ ಎಫ್ ಸರಣಿಯ 1973–86ರ ಟ್ರಕ್‌ಗಳು ಇದಕ್ಕೆ ಒಳ್ಳೆಯ ಉದಾಹರಣೆ. ಇವುಗಳಲ್ಲಿ ಮೀಟರೇ ಕೆಡುವುದು ಕಡಿಮೆ. ಕರೆಂಟ್ ಬರುವ ದಾರಿ, ಅರ್ತ್ ಅಥವಾ ಸೆಂಡರ್ (ಟ್ಯಾಂಕ್ ಇಲ್ಲವೇ ಎಂಜಿನ್‌ನಲ್ಲಿದ್ದು ಮೀಟರಿಗೆ ಅಳತೆ ಕಳಿಸುವ ಭಾಗ) ಕೆಟ್ಟಿರುವುದೇ ಹೆಚ್ಚು. ಆದರೂ ಮೊದಲು ಬಿಚ್ಚಿ ಬದಲಾಯಿಸುವುದು ಮೀಟರನ್ನೇ. ಹಣವೂ ಶ್ರಮವೂ ವ್ಯರ್ಥವಾಗುವುದು ಅಲ್ಲಿಯೇ.

ಈ ಟ್ರಕ್‌ಗಳ ಪೆಟ್ರೋಲ್, ಬಿಸಿ ಮತ್ತು ಆಯಿಲ್ ಮೀಟರ್‌ಗಳ ಒಳಗೆ ಒಂದು ದ್ವಿಲೋಹ ಪಟ್ಟಿ, ಅದರ ಸುತ್ತ ತೆಳು ತಂತಿ ಇರುತ್ತದೆ. ತಂತಿಯಲ್ಲಿ ಕರೆಂಟ್ ಹರಿದಷ್ಟೂ ಪಟ್ಟಿ ಬಿಸಿಯಾಗಿ ಬಾಗಿ ಮುಳ್ಳನ್ನು ತಳ್ಳುತ್ತದೆ. ಎಷ್ಟು ಕರೆಂಟ್ ಹರಿಯಬೇಕೆಂಬುದನ್ನು ಸೆಂಡರ್‌ನ ರೋಧ ತೀರ್ಮಾನಿಸುತ್ತದೆ: ಸುಮಾರು 73 ಓಮ್ ಇದ್ದರೆ ಮುಳ್ಳು ಕೆಳಗೆ, 10 ಓಮ್ ಇದ್ದರೆ ಮೇಲೆ. ಕೀ ಹಾಕಿದ ಕೂಡಲೇ ಮುಳ್ಳು ಜಿಗಿಯದೆ ಮೆಲ್ಲಗೆ ಏರುವುದು ಪಟ್ಟಿ ಬಿಸಿಯಾಗಬೇಕಾದ್ದರಿಂದ. ಅದು ದೋಷವಲ್ಲ.

ಬ್ಯಾಟರಿಯ ವೋಲ್ಟೇಜ್ ಏರಿಳಿದರೂ ಮುಳ್ಳು ಅಲುಗಬಾರದೆಂದು, ಮೀಟರ್‌ಗಳೆಲ್ಲ ಕೂರುವ ಕ್ಲಸ್ಟರ್‌ನ ಬೆನ್ನಿಗೆ ಒಂದು ಪುಟ್ಟ ವೋಲ್ಟೇಜ್ ರೆಗ್ಯುಲೇಟರ್ ಕೂರಿಸಿರುತ್ತಾರೆ. ಟಿಚ್ ಬಟನ್‌ನಂತೆ ಒತ್ತಿ ಕೂರಿಸುವ ಈ ಡಬ್ಬಿಯೊಳಗೂ ದ್ವಿಲೋಹ ಪಟ್ಟಿಯೇ ಇದೆ. ಬಿಸಿಯಾದಾಗ ಸಂಪರ್ಕ ಕಡಿದು, ತಣಿದಾಗ ಕೂಡಿಸಿ, 12 ವೋಲ್ಟನ್ನು ತುಂಡು ತುಂಡಾಗಿ ಬಿಟ್ಟು ಸರಾಸರಿ 5 ವೋಲ್ಟ್‌ಗೆ ಇಳಿಸುತ್ತದೆ. ಟೆಸ್ಟ್ ಲ್ಯಾಂಪ್ ಹಿಡಿದರೆ ಮಿಣುಕುವುದು ಕಾಣುತ್ತದೆ.

ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ: ಕೆಟ್ಟಿರುವುದು ಒಂದು ಮುಳ್ಳೋ, ಮೂರೂ ಒಟ್ಟಿಗೋ? ಮೂರೂ ಸತ್ತಿದ್ದರೆ ಫ್ಯೂಸ್, ಕ್ಲಸ್ಟರ್‌ನ ಪ್ಲಗ್ ಅಥವಾ ರೆಗ್ಯುಲೇಟರ್ ನೋಡಬೇಕು. ಮೂರೂ ಒಟ್ಟಿಗೆ ಮಿತಿಮೀರಿ ಮೇಲೇರಿದ್ದರೆ ರೆಗ್ಯುಲೇಟರ್‌ನ ಸಂಪರ್ಕ ಅಂಟಿಕೊಂಡಿದೆ, ಇಲ್ಲವೇ ಅದರ ಅರ್ತ್ ತಪ್ಪಿದೆ. ಅರ್ತ್ ಇಲ್ಲದಿದ್ದರೆ ಒಳಗಿನ ಪಟ್ಟಿ ಬಿಸಿಯಾಗುವುದೇ ಇಲ್ಲ, ಸಂಪರ್ಕ ಕಡಿಯುವುದೂ ಇಲ್ಲ, ಪೂರ್ತಿ 12 ವೋಲ್ಟ್ ಮೀಟರ್‌ಗಳಿಗೆ ನುಗ್ಗುತ್ತದೆ. ಹಾಗೇ ಓಡಿಸಿದರೆ ಮೂರೂ ಮೀಟರ್ ಸುಟ್ಟುಹೋಗಬಹುದು. ಒಂದು ತಿರುಪು ಸಡಿಲವಾದದ್ದಕ್ಕೆ ಇಷ್ಟು ನಷ್ಟ ಆಗಬೇಕಿಲ್ಲ. ಈಗ ಸ್ಥಿರವಾಗಿ 5 ವೋಲ್ಟ್ ಕೊಡುವ ಎಲೆಕ್ಟ್ರಾನಿಕ್ ರೆಗ್ಯುಲೇಟರ್‌ಗಳು ಸಿಗುತ್ತವೆ. ಬದಲಾಯಿಸುವುದಾದರೆ ಅವೇ ಉತ್ತಮ.

ಕ್ಲಸ್ಟರ್ ಹೊರತೆಗೆದಾಗ (ಅದಕ್ಕೂ ಮೊದಲು ಬ್ಯಾಟರಿಯ ನೆಗೆಟಿವ್ ವೈರ್ ಕಳಚಬೇಕು) ಅದರ ಹಿಂದಿನ ಪ್ರಿಂಟೆಡ್ ಸರ್ಕ್ಯೂಟನ್ನು ಬೆಳಕಿಗೆ ಹಿಡಿದು ನೋಡುವುದು ಒಳ್ಳೆಯದು. ತೆಳು ಪ್ಲಾಸ್ಟಿಕ್ ಹಾಳೆಯ ಮೇಲಿನ ತಾಮ್ರದ ಗೆರೆಗಳು ದಶಕಗಳ ಬಿಸಿಲಿಗೆ ಎದ್ದು ಬಂದಿರುತ್ತವೆ. ಪ್ಲಗ್ ಕೂರುವ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು, ಕಿಲುಬು ಸಾಮಾನ್ಯ. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿದರೆ ಕಿಲುಬು ಹೋಗುತ್ತದೆ. ಮೀಟರಿನ ಕಂಬಗಳ ಪುಟ್ಟ ನಟ್‌ಗಳ ಮೂಲಕವೇ ಕರೆಂಟ್ ಹಾಯುವುದರಿಂದ ಅವನ್ನೂ ಬಿಗಿಮಾಡಬೇಕು.

ಒಂದೇ ಮುಳ್ಳು ತಪ್ಪಿದ್ದರೆ ದಾರಿ ಬೇರೆ. ಪೆಟ್ರೋಲ್ ಮೀಟರಿನ ವಿಷಯದಲ್ಲಿ ಎರಡು ಟ್ಯಾಂಕಿನ ಟ್ರಕ್‌ಗಳ ಮಾಲೀಕರು ಅದೃಷ್ಟವಂತರು. ಟ್ಯಾಂಕ್ ಬದಲಿಸುವ ಡ್ಯಾಶ್‌ಬೋರ್ಡ್ ಸ್ವಿಚ್ ಇದ್ದಲ್ಲಿ ಅದೇ ಸೆಂಡರನ್ನೂ ಬದಲಿಸುತ್ತದೆ. ಒಂದು ಟ್ಯಾಂಕಿಗೆ ಮುಳ್ಳು ಸರಿಯಾಗಿ ತೋರಿಸಿದರೆ ಮೀಟರ್, ರೆಗ್ಯುಲೇಟರ್ ಎರಡೂ ಸರಿ ಇವೆ. ದೋಷ ಇನ್ನೊಂದು ಟ್ಯಾಂಕಿನ ಸೆಂಡರ್, ವೈರ್ ಅಥವಾ ಸ್ವಿಚ್‌ನಲ್ಲಿದೆ. ಟ್ಯಾಂಕ್ ಒಂದೇ ಇದ್ದರೆ, ಟ್ಯಾಂಕಿನಿಂದ ದೂರದ ಕನೆಕ್ಟರ್‌ನಲ್ಲಿ ಸೆಂಡರ್ ವೈರ್ ಬಿಡಿಸಿ ಕೀ ಹಾಕಬೇಕು. ಮುಳ್ಳು ಖಾಲಿಯಲ್ಲೇ ನಿಲ್ಲಬೇಕು. ಅದೇ ವೈರನ್ನು 10 ಓಮ್ ರೆಸಿಸ್ಟರ್ ಮೂಲಕ ಅರ್ತ್‌ಗೆ ಕೊಟ್ಟರೆ ಮೆಲ್ಲಗೆ ಪೂರ್ತಿ ಏರಬೇಕು. ಏರಿದರೆ ತಪ್ಪು ಟ್ಯಾಂಕಿನ ಕಡೆಯದು. ವೈರನ್ನು ನೇರವಾಗಿ ಬಾಡಿಗೆ ಮುಟ್ಟಿಸಿ ನೋಡುವ ರೂಢಿ ಕೆಟ್ಟದ್ದು. ಮೀಟರಿಗೆ ಅಳತೆ ಮೀರಿದ ಕರೆಂಟ್ ಹರಿಯುತ್ತದೆ, ಪೆಟ್ರೋಲ್ ಆವಿ ಇರುವಲ್ಲಿ ಕಿಡಿಯೂ ಹಾರಬಹುದು.

ಟ್ಯಾಂಕ್ ತುಂಬಿದ್ದರೂ ಖಾಲಿ ಎಂದು ತೋರಿಸಿದರೆ ಫ್ಲೋಟ್ ಅನುಮಾನಕ್ಕೆ ಬರುತ್ತದೆ. ಹಿತ್ತಾಳೆಯ ಫ್ಲೋಟ್‌ಗೆ ಸೂಜಿಮೊನೆಯಷ್ಟು ತೂತು ಬಿದ್ದರೂ ಪೆಟ್ರೋಲ್ ಒಳಸೇರಿ ಅದು ಮುಳುಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗಿನ ಸದ್ದು ಕೇಳಿಸುತ್ತದೆ. ಯಾವಾಗಲೂ ಸ್ವಲ್ಪ ಕಡಿಮೆ ತೋರಿಸುತ್ತಿದ್ದರೆ ಸೆಂಡರ್‌ನ ಅರ್ತ್ ತುಕ್ಕು ಹಿಡಿದಿರಬಹುದು.

ಬಿಸಿ ಮತ್ತು ಆಯಿಲ್ ಸೆಂಡರ್‌ಗಳಿಗೆ ಅರ್ತ್ ಸಿಗುವುದು ಎಂಜಿನ್‌ಗೆ ಕಚ್ಚಿಕೊಂಡ ತಿರುಪಿನ ಮರೆಯಿಂದಲೇ (ಥ್ರೆಡ್). ಸೋರದಿರಲೆಂದು ಮರೆಗೆ ದಪ್ಪವಾಗಿ ಟೇಪ್ ಸುತ್ತಿದರೆ ಅರ್ತ್ ತಪ್ಪಿ ಮುಳ್ಳು ಕೆಳಗಿಳಿಯುತ್ತದೆ. ಆಯಿಲ್ ಮುಳ್ಳು ಸೊನ್ನೆಗೆ ಬಿದ್ದಾಗ ಮಾತ್ರ ವೈರಿಂಗ್ ದೋಷವೆಂದು ಊಹಿಸಿಕೊಂಡು ಓಡಿಸಕೂಡದು. ಎಂಜಿನ್ ನಿಲ್ಲಿಸಿ, ಆಯಿಲ್ ಮಟ್ಟ ನೋಡಿ, ಸೆಂಡರ್ ಜಾಗಕ್ಕೆ ಮೆಕ್ಯಾನಿಕಲ್ ಗೇಜ್ ಹಾಕಿ ಒತ್ತಡ ಅಳೆದ ಮೇಲೆಯೇ ಮುಂದಿನ ಮಾತು. ಬ್ಯಾಟರಿಯ ಚಾರ್ಜ್ ತೋರಿಸುವ ಅಮ್ಮೀಟರ್ ಈ ರೆಗ್ಯುಲೇಟರ್‌ಗೆ ಸೇರಿದ್ದಲ್ಲ. ಅದರ ಮುಳ್ಳು ಹೊಸ ಟ್ರಕ್‌ನಲ್ಲೂ ಅಷ್ಟಾಗಿ ಅಲುಗುತ್ತಿರಲಿಲ್ಲ.

ಒಂದು ಕಂಪನಿಯ ಲೆಕ್ಕ ಇನ್ನೊಂದಕ್ಕೆ ಹೊಂದದು. ಅದೇ ಕಾಲದ ಷೆವರ್ಲೆ ಪಿಕಪ್‌ಗಳ ಪೆಟ್ರೋಲ್ ಮೀಟರ್ ಕಾಂತಸುರುಳಿಯದು. ಖಾಲಿಗೆ 0, ಪೂರ್ತಿಗೆ 90 ಓಮ್. ಅಲ್ಲಿ ವೈರ್ ಕಡಿದರೆ ಮುಳ್ಳು ಪೂರ್ತಿಯನ್ನೂ ದಾಟುತ್ತದೆ, ಅರ್ತ್ ಕೆಟ್ಟರೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಫೋರ್ಡ್ ಕೂಡ 1987ರಲ್ಲಿ ಕಾಂತಸುರುಳಿಗೆ ಬದಲಾಗಿ, ಖಾಲಿಗೆ 16, ಪೂರ್ತಿಗೆ 158 ಓಮ್ ಇರುವ ಸೆಂಡರ್ ತಂದಿತು. ಹೊಸ ಟ್ರಕ್‌ನ ಟ್ಯಾಂಕನ್ನು ಸೆಂಡರ್ ಸಮೇತ ಹಳೆಯದಕ್ಕೆ ಕೂರಿಸಿದರೆ ಖಾಲಿ ಟ್ಯಾಂಕಿಗೆ ಮುಳ್ಳು ತುಂಬಿದೆ ಎನ್ನುತ್ತದೆ, ತುಂಬಿದ ಟ್ಯಾಂಕಿಗೆ ಖಾಲಿ ಎನ್ನುತ್ತದೆ. ಇದಕ್ಕೆ ವೈರಿಂಗ್‌ನಲ್ಲಿ ಪರಿಹಾರವಿಲ್ಲ. 73–10 ಓಮ್‌ನ ಸೆಂಡರನ್ನೇ ಹುಡುಕಿ ಹಾಕಬೇಕು.