ಮರದಡಿಯ ಮೇಜು

ಬರೆದು ಬದುಕುವವರು ಎಂದರೆ ಕಾಲೇಜು ಮೇಷ್ಟ್ರುಗಳಿಗೆ ಕಾದಂಬರಿಕಾರರು ನೆನಪಾಗುತ್ತಾರೆ. ನಮಗೆ ನೆನಪಾಗುವುದು ತಾಲ್ಲೂಕು ಕಚೇರಿ ಮುಂದಿನ ಮೇಜು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಯಾವ ಊರಿಗಾದರೂ ಹೋಗಿ ನೋಡಿ. ಕಚೇರಿಯ ಆಸುಪಾಸು ಅರ್ಜಿ ಬರೆಯುವವರೊಬ್ಬರು ಕೂತಿರುತ್ತಾರೆ. ಸಂಬಳವಿಲ್ಲ, ಸಾಹೇಬನಿಲ್ಲ, ಪಿಂಚಣಿಯಿಲ್ಲ. ಬರೆದರೆ ಕಾಸು, ಇಲ್ಲದಿದ್ದರೆ ಖಾಲಿ ಜೇಬು. "ಸ್ವಾಮೀ, ಒಂದ್ ಅರ್ಜಿ ಬರ್ಕೊಡಿ" ಎಂದು ನಮ್ಮ ಅವ್ವಂದಿರು ಕೈಕಟ್ಟಿ ನಿಂತದ್ದು ಇವರ ಮುಂದೆಯೇ. ಇವರ ಚರಿತ್ರೆಯನ್ನು ಯಾರೂ ಬರೆಯುವ ಗೋಜಿಗೆ ಹೋಗಿಲ್ಲ. ನಮ್ಮ ಭೂಮಿ, ನಮ್ಮ ಜೀವ ಇವರ ನಿಬ್ಬಿನ ತುದಿಯಲ್ಲಿ ತೂಗಾಡಿದ್ದರಿಂದ ನಾವು ಬರೆಯಬೇಕಾಗಿದೆ.

ಬರಹಕ್ಕೆ ಕೂಲಿ ಎನ್ನುವುದು ನಿನ್ನೆ ಮೊನ್ನೆಯದಲ್ಲ. ಬಿ.ಎಲ್. ರೈಸ್ 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟದಲ್ಲಿ ಕೋಲಾರ ಜಿಲ್ಲೆಯ ಶಾಸನಗಳಿವೆ. ಈ ನಾಲ್ಕು ತಾಲ್ಲೂಕುಗಳೂ ಆಗ ಕೋಲಾರಕ್ಕೇ ಸೇರಿದ್ದವು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ನಮ್ಮ ನಾಡಿನ ಶಾಸನಗಳ ತುದಿಯಲ್ಲಿ ಕೆಲವೊಮ್ಮೆ ಬರೆದವನ ಹೆಸರೂ ಇರುತ್ತದೆ. ಸರಿ, ಅವನಿಗೆ ಹೆಸರು ಸಿಕ್ಕಿತು. ಕಲ್ಲು ಹೊತ್ತು ತಂದು ನಿಲ್ಲಿಸಿದವರ ಹೆಸರನ್ನು ಯಾರು ಕೆತ್ತುತ್ತಾರೆ?

ಆಮೇಲೆ ಬಂದವನು ಶಾನುಭೋಗ. ಊರಿನ ಲೆಕ್ಕವೆಲ್ಲ ಅವನ ಕೈಲಿ. ಅಪ್ಪನಿಂದ ಮಗನಿಗೆ ಬರುವ ವಂಶಪಾರಂಪರ್ಯದ ಲೇಖಣಿ ಅದು. ಅವನ ಲೆಕ್ಕದ ಗಂಟನ್ನು ತಲೆ ಮೇಲೆ ಹೊತ್ತು ನಡೆಯುತ್ತಿದ್ದವನು ನಮ್ಮ ತೋಟಿ. ಹೊತ್ತದ್ದು ತನ್ನ ಹೊಲದ ಲೆಕ್ಕವನ್ನೇ ಆದರೂ ಓದಲು ಬರುತ್ತಿರಲಿಲ್ಲ. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ 1963ರ ಫೆಬ್ರವರಿ 1ರಂದು ಜಾರಿಗೆ ಬಂದು ಶಾನುಭೋಗಿಕೆಯೂ ಹೋಯಿತು, ತೋಟಿ ಚಾಕರಿಯೂ ಹೋಯಿತು. ಚಾಕರಿಗೆಂದು ಇದ್ದ ಇನಾಂ ಜಮೀನು ಮತ್ತೆ ತೋಟಿಯ ಹೆಸರಿಗೆ ಆಗಬೇಕಾದರೆ ಮಾತ್ರ ಅರ್ಜಿ ಬೇಕಾಯಿತು. ಬರೆಯುವವರು ಯಾರು? ಶಾನುಭೋಗಿಕೆ ಹೋದರೂ ಅಕ್ಷರ ಅದೇ ಜಗುಲಿಯಲ್ಲಿ ಉಳಿದಿತ್ತು.

ಮರದಡಿಯ ಮೇಜಿಗೆ ಸುಗ್ಗಿ ಬಂದದ್ದು 1974ರ ಭೂಸುಧಾರಣೆಯ ತಿದ್ದುಪಡಿಯಿಂದ. ಗೇಣಿದಾರರು ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಗೆ ಕೊಡಬೇಕಿತ್ತು. ಆ ಮಂಡಳಿಯ ಮುಂದೆ ವಕೀಲರು ಬರಕೂಡದೆಂದು ಕಾಯ್ದೆ ಹೇಳಿತು. ಹಾಗಾಗಿ ಫಾರಂ ತುಂಬಿದವನೇ ಬಡವನ ವಕೀಲ. ಗಡುವು ಮುಂದಕ್ಕೆ ಹೋಗುತ್ತಾ ಹೋಗುತ್ತಾ 1979ರ ಜೂನ್ 30ಕ್ಕೆ ಮುಗಿಯಿತು. ಅದೇ 1979ರಲ್ಲಿ ಕ್ರಯಪತ್ರ, ಅಡಮಾನಪತ್ರ ಬರೆಯುವವರಿಗೆ ಲೈಸೆನ್ಸಿನ ನಿಯಮಗಳೂ ಬಂದವು.

ಈ ಕಸುಬನ್ನು ಅವರು ಹೇಗೆ ಕಟ್ಟಿದರು ಎಂಬುದನ್ನು ನೋಡಬೇಕು. ದಿನಾ ಒಂದೇ ಜಾಗದಲ್ಲಿ ಕೂರುವುದು ಮೊದಲ ಬಂಡವಾಳ. ಯಾವ ಕಾಗದ ಯಾವ ಮೇಜಿಗೆ ಹೋಗುತ್ತದೆ ಎಂಬ ತಿಳಿವಳಿಕೆ ಎರಡನೆಯದು. ನಮ್ಮ ಸೀಮೆಯಲ್ಲಿ ಮೂರನೆಯದೂ ಇದೆ: ಎರಡು ಭಾಷೆ. ಮುದುಕಿ ತೆಲುಗಿನಲ್ಲಿ ಅಳುತ್ತಾಳೆ, ಅರ್ಜಿ ಕನ್ನಡದಲ್ಲಿ ಹೋಗಬೇಕು. ಅವಳ ಮಾತಿನಲ್ಲಿ ಯಾವುದನ್ನು ಇಟ್ಟುಕೊಳ್ಳುವುದು, ಯಾವುದನ್ನು ಬಿಡುವುದು ಎಂದು ತೀರ್ಮಾನಿಸುವವನು ಬರೆಯುವವನೇ. ಇದು ಸಣ್ಣ ವಿದ್ಯೆಯೇನಲ್ಲ, ಸಣ್ಣ ಅಧಿಕಾರವೂ ಅಲ್ಲ.

ಸಾಹಿತ್ಯದವರೂ ಬರಹವನ್ನೇ ನಂಬಿ ಬದುಕಿದ್ದುಂಟು. ಕೋಲಾರದಲ್ಲಿ 1908ರಲ್ಲಿ ಹುಟ್ಟಿದ ಅ.ನ. ಕೃಷ್ಣರಾಯರು ನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಅವರ ಕಷ್ಟಕ್ಕೆ ನಮ್ಮ ಗೌರವವಿದೆ. ಆದರೆ ಕೊಳ್ಳುವವನಿಗೆ ಓದು ಬರುತ್ತಿತ್ತು. ಮರದಡಿಯ ಗಿರಾಕಿಗೆ ತಾನು ಕಾಸು ಕೊಟ್ಟು ಕೊಂಡದ್ದು ಏನೆಂದೇ ಗೊತ್ತಾಗುವುದಿಲ್ಲ.

ನಮ್ಮ ಮನೆಯಲ್ಲೇ ಆದದ್ದು ಕೇಳಿ. ನಮ್ಮ ತಾತ ಜಮೀನಿಗೆಂದು ಅರ್ಜಿ ಬರೆಸಿದ. ಬರೆದವರು ಸರ್ವೆ ನಂಬರಿನಲ್ಲಿ ಒಂದು ಅಂಕಿ ತಪ್ಪಿಸಿದರು. ಓದಿ ಹೇಳಲಿಲ್ಲ, ನಕಲು ಕೊಡಲಿಲ್ಲ. ತಾತ ಹೆಬ್ಬೆಟ್ಟು ಒತ್ತಿ, ಕಾಸು ಕೊಟ್ಟು, ಕೈಮುಗಿದು ಬಂದ. ಎರಡು ವರ್ಷ ತಿರುಗಿದ ಮೇಲೆ ಅರ್ಜಿ ವಜಾ ಆಯಿತು. ಮೋಸವೋ ಮರೆವೋ ನಾವು ಹೇಳಲಾರೆವು. ಆ ಅಂಕಿಯನ್ನು ಓದಬಲ್ಲ ಒಬ್ಬರೂ ನಮ್ಮ ಮನೆಯಲ್ಲಿರಲಿಲ್ಲ ಎನ್ನುವುದಂತೂ ನಿಜ.

ಕಾಗದದ ಮೇಲಿನ ತಾರೀಖೂ ಅಷ್ಟೇ. ದಲಿತರಿಗೆ ಮಂಜೂರಾದ ಜಮೀನು ಪರರ ಪಾಲಾಗದಂತೆ 1978ರ ಪಿಟಿಸಿಎಲ್ ಕಾಯ್ದೆ ಬಂತು. 2017ರಲ್ಲಿ ಸುಪ್ರೀಂ ಕೋರ್ಟು, ಇಂಥ ಅರ್ಜಿ ತಕ್ಕ ಕಾಲದೊಳಗೆ ಬರಬೇಕು ಎಂದಿತು. ತಡವಾಯಿತೆಂದು ಅರ್ಜಿಗಳು ಬಿದ್ದುಹೋದವು. ಬೀದಿಯಲ್ಲಿ ಕೂತು ಹೋರಾಡಿದ ಮೇಲೆ 2023ರಲ್ಲಿ ಕಾಯ್ದೆ ತಿದ್ದಿ ಕಾಲಮಿತಿಯಿಲ್ಲ ಎಂದರು.

ಜಮೀನಿನ ಮಾತು ಹಾಗಿರಲಿ, ಜೀವದ ಮಾತು? ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಜನ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳ ಬಿಡುಗಡೆಯಾಯಿತು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಹೆದರಿದ ಬಾಯಿಗೆ ಒಳ್ಳೆಯ ಕೈಬರಹವೊಂದೇ ಸಾಲದು, ಬೆನ್ನಿಗೆ ಸಂಘಟನೆ ಬೇಕು ಎಂದು ಆ ಊರು ನಮಗೆ ಕಲಿಸಿತು. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಾದ ತಿದ್ದುಪಡಿಯಲ್ಲಿ ಒಂದು ಮಾತಿದೆ: ಬಾಯಿಮಾತಿನ ದೂರನ್ನು ಬರೆದುಕೊಂಡ ಅಧಿಕಾರಿ, ಸಹಿಗೆ ಮುಂಚೆ ಅದನ್ನು ದೂರು ಕೊಟ್ಟವರಿಗೆ ಓದಿ ಹೇಳಬೇಕು. ತಾತನ ಅರ್ಜಿಯಲ್ಲಿ ಆಗದೆ ಹೋದದ್ದೂ ಅದೇ ಅಲ್ಲವೇ?

ಈಗ ಪಹಣಿಯನ್ನು ಭೂಮಿಯ ಕಂಪ್ಯೂಟರು ಕೊಡುತ್ತದೆ. ಕಾವೇರಿ ತಂತ್ರಾಂಶದಲ್ಲಿ ನೋಂದಣಿ ನಡೆಯುತ್ತದೆ. ಮೇಜು ಜೆರಾಕ್ಸ್ ಅಂಗಡಿಗೆ ಹೋಗಿದೆ. ಆದರೆ "ಏನ್ ಬರ್ದ್ರಿ, ಒಸಿ ಓದಿ ಹೇಳಿ" ಎನ್ನಲು ನಮ್ಮವರು ಇವತ್ತಿಗೂ ಅಂಜುತ್ತಾರೆ.

ಗೆಳೆಯರೇ, ಡಿಗ್ರಿ ಮುಗಿಸಿ ಕೆಲಸವಿಲ್ಲವೆಂದು ಕೂತಿರುವ ನಾವು ಈ ಕಸುಬಿಗೆ ಯಾಕೆ ಕೈ ಹಾಕಬಾರದು? ಧರ್ಮಕ್ಕೆ ಬೇಡ. ನಮ್ಮವರು ಬಿಟ್ಟಿ ಚಾಕರಿ ಮಾಡಿದ್ದು ಸಾಕು, ಬರಹವೂ ದುಡಿಮೆಯೇ. ರೇಟನ್ನು ಬೋರ್ಡಿನಲ್ಲಿ ಬರೆದು ನೇತುಹಾಕೋಣ. ಇಲ್ಲದವರ ಹತ್ತಿರ ಕಮ್ಮಿ ತೆಗೆದುಕೊಳ್ಳೋಣ. ಹೆಬ್ಬೆಟ್ಟು ಒತ್ತಿಸುವ ಮುಂಚೆ ಅವರ ಮನೆಮಾತಿನಲ್ಲೇ ಓದಿ ಹೇಳೋಣ. ಒಂದು ನಕಲು ಅವರ ಕೈಗೆ, ಇನ್ನೊಂದು ನಮ್ಮ ಫೈಲಿಗೆ. ಹೊಸ ಕಾನೂನು ಕಲಿಯುತ್ತಿರೋಣ: 2005ರ ಮಾಹಿತಿ ಹಕ್ಕಿನ ಅರ್ಜಿಗೆ ಹತ್ತೇ ರೂಪಾಯಿ, ನಮ್ಮ ರಾಜ್ಯದಲ್ಲಿ ಒಂದೇ ವಿಷಯ, 150 ಪದದೊಳಗೆ ಬರೆಯಬೇಕು. ಕವಿತೆ ಬರೆಯುವ ನಮಗೆ ಅಷ್ಟರಲ್ಲಿ ಹೇಳುವುದು ಕಷ್ಟವಾಗಬಾರದು.

ನಮ್ಮ ಮುಂದೆ ಬಂದವರು ಕೈಕಟ್ಟಿ ನಿಲ್ಲುವುದು ಬೇಡ. ಮೇಜಿನ ಈಚೆಗೂ ಒಂದು ಕುರ್ಚಿ ಹಾಕೋಣ. "ಕೂತ್ಕೊಳ್ಳವ್ವಾ, ಏನಾಯ್ತು ಹೇಳು" ಎಂದು ಶುರು ಮಾಡೋಣ.